ಕ್ಯಾಮೆರಾ ಯಾರ ಕಡೆ ನಿಂತಿತ್ತು?

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಪಠ್ಯ)



ಛಾಯಾಚಿತ್ರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಎಷ್ಟು ಸತ್ಯ ಹೇಳುತ್ತದೆ ಎಂದು ಕೇಳುವವರು ಕಡಿಮೆ. ದಕ್ಷಿಣ ಆಫ್ರಿಕದ ಜುಲು ಜನರ ಮೇಲೆ ಬ್ರಿಟಿಷರು ನಡೆಸಿದ ಯುದ್ಧದ ಹಳೆಯ ಚಿತ್ರಗಳು ಲಂಡನ್ ಮತ್ತು ಡರ್ಬನ್ನಿನ ಸಂಗ್ರಹಗಳಲ್ಲಿವೆ. ಇಂದು ಅವುಗಳ ಮುಂದೆ ಈ ಪ್ರಶ್ನೆಯನ್ನು ಇಡೋಣ.

ಯುದ್ಧಕ್ಕೆ ಕಾರಣನಾದವನು ಸರ್ ಬಾರ್ಟಲ್ ಫ್ರೇರ್. 1862ರಿಂದ 1867ರವರೆಗೆ ಮುಂಬಯಿಯ ಗವರ್ನರ್ ಆಗಿದ್ದವನು. ನಮ್ಮ ಧಾರವಾಡ, ಬೆಳಗಾವಿಗಳೂ ಆಗ ಅವನ ಆಡಳಿತದಲ್ಲಿದ್ದವು. ಆಫ್ರಿಕಕ್ಕೆ ಹೋದ ಮೇಲೆ, 1878ರ ಡಿಸೆಂಬರಿನಲ್ಲಿ, ಸೇನಾವ್ಯವಸ್ಥೆಯನ್ನು ವಿಸರ್ಜಿಸಬೇಕೆಂದು ಜುಲು ದೊರೆ ಸೆಟ್ಷ್ವಾಯೊಗೆ ಗಡುವು ಕೊಟ್ಟ. ಒಪ್ಪಲಾಗದ ಷರತ್ತು ಅದು. ಮರುತಿಂಗಳೇ ದಂಡು ಗಡಿ ದಾಟಿತು.

1879ರ ಜನವರಿ 22ರಂದು ಇಸಾಂಡ್ಲ್ವಾನಾ ಬೆಟ್ಟದ ಬುಡದಲ್ಲಿ ಸುಮಾರು 20,000 ಜುಲು ಯೋಧರು ಬ್ರಿಟಿಷ್ ಶಿಬಿರದ ಮೇಲೆರಗಿದರು. ಬ್ರಿಟಿಷರ ಕಡೆ, ಅವರ ಆಫ್ರಿಕನ್ ಸೈನಿಕರೂ ಸೇರಿ, 1,300ಕ್ಕೂ ಹೆಚ್ಚು ಮಂದಿ ಸತ್ತರು.

ಈ ಕಾಳಗದ ಒಂದೇ ಒಂದು ಛಾಯಾಚಿತ್ರವೂ ಇಲ್ಲ. ಗಾಜಿನ ಫಲಕ, ಮೂರು ಕಾಲಿನ ಭಾರದ ಕ್ಯಾಮೆರಾಗಳ ಕಾಲ ಅದು. ಓಡುವ ಮನುಷ್ಯನನ್ನು ಅದು ಹಿಡಿಯಲಾರದು. ಆ ಜಾಗವನ್ನು ತುಂಬಿದವರು ಚಿತ್ರಕಾರರು. ಚಾರ್ಲ್ಸ್ ಫ್ರಿಪ್ 1885ರಲ್ಲಿ ಪ್ರದರ್ಶಿಸಿದ ಪ್ರಸಿದ್ಧ ವರ್ಣಚಿತ್ರದಲ್ಲಿ ಕೆಂಪಂಗಿಯ ಸೈನಿಕರು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಆತ ಆ ಕಾಳಗವನ್ನು ಕಂಡವನೇ ಅಲ್ಲ. ನೋಡುವವರ ಮನಸ್ಸಿನಲ್ಲಿ ಸೋಲು ಪರಾಕ್ರಮವಾಗಿ ಉಳಿಯಿತು.

ಬಹುತೇಕ ಕ್ಯಾಮೆರಾ ಬಂದದ್ದು ಸೇನೆಯ ಬೆನ್ನಿಗೆ. ಬಿಟ್ಟುಹೋದ ಗಾಡಿಗಳು, ಚದುರಿದ ಮೂಳೆಗಳು, ಹಿಂದೆ ಬೆಟ್ಟ: ಇದು ಅದು ತೆಗೆದ ಚಿತ್ರ. ಅಂದು ಸತ್ತ ಜುಲು ಯೋಧರೂ ಸಾವಿರಕ್ಕೆ ಕಡಿಮೆಯಿಲ್ಲ ಎಂಬ ಅಂದಾಜಿದೆ. ಅವರ ಲೆಕ್ಕ ಆ ಚಿತ್ರದಲ್ಲಿಲ್ಲ.

ವಸಾಹತಿನ ಚಿತ್ರಗಳದ್ದೂ ಇದೇ ಕಥೆ. ಎತ್ತಿನ ಗಾಡಿಗಳ ಸಾಲು, ಕಬ್ಬಿನ ತೋಟ, ಹೊಸ ಮನೆಯ ಮುಂದೆ ಕುಳಿತ ಬಿಳಿಯ ಕುಟುಂಬ. ಸುತ್ತಲಿನ ನೆಲ ಯಾರದ್ದೂ ಅಲ್ಲವೆಂಬಂತೆ ಕಾಣುತ್ತದೆ. ಆದರೆ ಅದು ಖಾಲಿ ನೆಲವಾಗಿರಲಿಲ್ಲ. 1887ರಲ್ಲಿ ಬ್ರಿಟನ್ ಜುಲುಲ್ಯಾಂಡನ್ನು ವಶಪಡಿಸಿಕೊಂಡಿತು. 1902ರಿಂದ 1904ರವರೆಗೆ ಕೆಲಸ ಮಾಡಿದ ಆಯೋಗವೊಂದು ಅದರ ಐದರಲ್ಲಿ ಸುಮಾರು ಎರಡು ಪಾಲನ್ನು ಬಿಳಿಯರಿಗೆ ತೆರೆದಿಟ್ಟಿತು. ನೆಲ ಹೋದ ಮೇಲೆ ತಲೆಗಂದಾಯ ಬಂತು. 1906ರಲ್ಲಿ ಬಂಬಾಥಾ ಎಂಬ ನಾಯಕನ ಹೆಸರಿನ ದಂಗೆ ಎದ್ದಿತು. ಅದನ್ನು ಅಡಗಿಸುವಾಗ ಮೂರು ಸಾವಿರಕ್ಕೂ ಹೆಚ್ಚು ಜುಲು ಜನ ಹತರಾದರು. ಆಗ ಗಾಯಾಳುಗಳನ್ನು ಹೊರುವ ಭಾರತೀಯ ತಂಡದ ಮುಂದಾಳಾಗಿದ್ದ ಗಾಂಧೀಜಿ, ಚಾಟಿಯೇಟು ತಿಂದ ಜುಲು ಜನರ ಹುಣ್ಣುಗಳನ್ನು ತೊಳೆದುದನ್ನು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಕ್ಯಾಮೆರಾ ಕಾಣದ್ದನ್ನು ಅಕ್ಷರ ಉಳಿಸಿತು.

ಚಿತ್ರಗಳ ಅಡಿಬರಹವನ್ನೂ ಓದಿ. ಬ್ರಿಟಿಷ್ ಅಧಿಕಾರಿಗೆ ಹೆಸರು, ಹುದ್ದೆ, ರೆಜಿಮೆಂಟು ಇರುತ್ತದೆ. ಸ್ಟುಡಿಯೋದಲ್ಲಿ ಗುರಾಣಿ ಹಿಡಿಸಿ ನಿಲ್ಲಿಸಿದವನು ಬರೀ ‘ಜುಲು ಯೋಧ’. ಅಂಥ ಚಿತ್ರಗಳು ಅಂಚೆ ಕಾರ್ಡುಗಳಾಗಿ ಮಾರಾಟವಾದವು. ಹೆಸರು ಉಳಿದ ಕೆಲವರಲ್ಲಿ ಸೆಟ್ಷ್ವಾಯೊ ಒಬ್ಬ. ಸೆರೆಯಾಗಿದ್ದ ದೊರೆ 1882ರಲ್ಲಿ ಲಂಡನ್ನಿಗೆ ಹೋಗಿ ರಾಣಿ ವಿಕ್ಟೋರಿಯಾಳನ್ನು ಕಂಡು ತನ್ನ ರಾಜ್ಯವನ್ನು ಕೇಳಿದ. ಅಲ್ಲಿ ಅಲೆಕ್ಸಾಂಡರ್ ಬಸಾನೊ ತೆಗೆದ ಆತನ ಚಿತ್ರ ಇಂದಿಗೂ ಇದೆ. ರಾಜ್ಯದ ಒಂದು ಭಾಗವಷ್ಟೇ ಆತನಿಗೆ ಮರಳಿತು.

ನಾಳೆ ನಿಮ್ಮ ಮೇಜಿಗೂ ಚಿತ್ರಗಳು ಬರುತ್ತವೆ. ಕ್ಯಾಮೆರಾ ಯಾರ ಜೊತೆ ಬಂದಿತ್ತು, ಯಾರಿಗೆ ಹೆಸರಿಲ್ಲ ಎಂದು ಕೇಳಿದ ಮೇಲೆಯೇ ಅಡಿಬರಹ ಬರೆಯಿರಿ. ಇಸಾಂಡ್ಲ್ವಾನಾದಲ್ಲಿ ಸತ್ತ ಜುಲು ಯೋಧರಿಗೆ, ಅವರ ಶೌರ್ಯದ ಕಂಠಹಾರದ ಆಕಾರದಲ್ಲಿ, ಸ್ಮಾರಕ ಎದ್ದದ್ದು 1999ರಲ್ಲಿ. ಕಾಳಗ ನಡೆದು 120 ವರ್ಷಗಳಾದ ಮೇಲೆ.