ಹಾಜರಿ ಪುಸ್ತಕ ಮತ್ತು ಕಂಪ್ಯೂಟರಿನ ‘ಲೂಪ್’
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಭಾಷಾ ಶಿಕ್ಷಕನಿಗೆ ಕಂಪ್ಯೂಟರಿನ ಮಾತೇಕೆ ಎಂದು ತಮಗೆ ಅನಿಸಬಹುದು. ಕಾರಣ ಒಂದು ತಪ್ಪು. ಅದೂ ನನ್ನದೇ.

ಒಂದು ವರ್ಷ ವಿದ್ಯಾರ್ಥಿವೇತನದ ದಾಖಲೆ ತರಲು ಮಕ್ಕಳ ಮನೆಗೆ ಪತ್ರ ಕಳಿಸಬೇಕಿತ್ತು. ಒಂದು ಪತ್ರ ಟೈಪ್ ಮಾಡಿ, ಅದನ್ನೇ 40 ಸಲ ನಕಲು ಮಾಡಿ, ಹೆಸರು ಮಾತ್ರ ಬದಲಿಸುತ್ತ ಹೋದೆ. ಒಂದು ಕಡೆ ಬದಲಿಸಲು ಮರೆತೆ. ಒಬ್ಬನಿಗೆ ಎರಡು ಪತ್ರ ಹೋದವು, ಒಬ್ಬ ಹುಡುಗಿಗೆ ಹೋಗಲೇ ಇಲ್ಲ. ಗೊತ್ತಾಗುವ ಹೊತ್ತಿಗೆ ಕೊನೆಯ ದಿನಾಂಕ ಮುಗಿದಿತ್ತು. ಆ ವರ್ಷದ ಹಣ ಅವಳ ಕೈ ತಪ್ಪಿತು.

ಇಂಥ ಕೆಲಸಕ್ಕೆಂದೇ ಕಂಪ್ಯೂಟರ್ ಭಾಷೆಗಳಲ್ಲಿ ‘ಲೂಪ್’ ಇದೆ. ಮಕ್ಕಳೇ, ಅದು ನಿಮಗೆ ಹೊಸದಲ್ಲ. ದಿನವೂ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಕರೆಯುತ್ತೇನೆ. ನೀವು ‘ಹಾಜರ್ ಸರ್’ ಎನ್ನುತ್ತೀರಿ. ಪುಸ್ತಕ ಒಂದು ಪಟ್ಟಿ. ಕರೆದು ಗುರುತು ಹಾಕುವ ಕ್ರಮ ಒಂದೇ. ಹೆಸರು ಮಾತ್ರ ಬದಲಾಗುತ್ತದೆ.

1991ರಲ್ಲಿ ಗೀಡೋ ವಾನ್ ರೋಸಮ್ ಅವರು ಹೊರತಂದ ಪೈಥಾನ್ ಭಾಷೆಯಲ್ಲಿ ಇದನ್ನು ಹೀಗೆ ಬರೆಯುತ್ತಾರೆ:

ಊರುಗಳು = ["ದಾಂಡೇಲಿ", "ಹಳಿಯಾಳ", "ಜೋಯಿಡಾ", "ಮುಂಡಗೋಡ"]
ಫಾರ್ ಊರು ಇನ್ ಊರುಗಳು:
    ಪ್ರಿಂಟ್("ಸ್ವಾಗತ", ಊರು)

‘ಫಾರ್’, ‘ಇನ್’, ‘ಪ್ರಿಂಟ್’ ಈ ಮೂರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಉಳಿದ ಹೆಸರುಗಳು ಕನ್ನಡದಲ್ಲೂ ಇರಬಹುದು, ಉರ್ದುವಿನಲ್ಲೂ ಇರಬಹುದು. 2008ರ ಪೈಥಾನ್ 3ರಿಂದ ಆ ಅನುಕೂಲವಿದೆ. ಆದ್ದರಿಂದ ಇಂಗ್ಲಿಷ್ ಬಾರದೆಂದು ಹಿಂಜರಿಯಬೇಡಿ. ಎರಡನೆಯ ಸಾಲಿನ ಕೊನೆಯ ಜೋಡಿ ಚುಕ್ಕೆ ಮರೆಯಬೇಡಿ. ಮೂರನೆಯ ಸಾಲನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆಯಿರಿ. ಇಲ್ಲವಾದರೆ ಪೈಥಾನ್ ತಪ್ಪು ತೋರಿಸಿ ನಿಂತುಬಿಡುತ್ತದೆ.

‘ಊರು’ ಎಂಬ ಹೆಸರು ಮೊದಲ ಸುತ್ತಿನಲ್ಲಿ ದಾಂಡೇಲಿ, ಎರಡನೆಯದರಲ್ಲಿ ಹಳಿಯಾಳ. ಹೀಗೆ ನಾಲ್ಕು ಸುತ್ತು, ನಾಲ್ಕು ಸ್ವಾಗತ. ನಾಳೆ ಯಲ್ಲಾಪುರ ಸೇರಿದರೆ ಪಟ್ಟಿಗೆ ಒಂದು ಹೆಸರು ಸೇರಿಸಿದರಾಯಿತು, ಕೆಳಗಿನ ಎರಡು ಸಾಲು ಮುಟ್ಟಬೇಕಿಲ್ಲ.

ಮರುವರ್ಷ ಪತ್ರಗಳನ್ನು ಲೂಪಿನಿಂದಲೇ ಸಿದ್ಧಪಡಿಸಿದೆ. ಒಂದು ಹೆಸರೂ ಅದಲುಬದಲಾಗಲಿಲ್ಲ. ಆದರೂ ಒಬ್ಬ ಹುಡುಗನಿಗೆ ಪತ್ರ ಹೋಗಿರಲಿಲ್ಲ. ಅವನು ವರ್ಷದ ನಡುವೆ ಶಾಲೆಗೆ ಸೇರಿದವನು, ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಈ ಸಲ ಸಮಯವಿತ್ತು, ಓಡಿಹೋಗಿ ಅವನ ಮನೆಗೆ ತಿಳಿಸಿದೆ.

ಲೂಪ್ ಪಟ್ಟಿಯಲ್ಲಿರುವ ಯಾರನ್ನೂ ಬಿಡುವುದಿಲ್ಲ. ಇಲ್ಲದವರನ್ನು ಹುಡುಕುವುದೂ ಇಲ್ಲ. ಹುಡುಕುವ ಕೆಲಸ ನಮ್ಮದು. ವಿದ್ಯಾರ್ಥಿಗಳು ಲೂಪ್ ಬರೆಯಲು ಕಲಿಯಲಿ. ಹಿರಿಯರಾದ ನಾವು ನಾಲ್ಕೂ ತಾಲೂಕುಗಳಲ್ಲಿ ಪಟ್ಟಿಯಿಂದ ಹೊರಗುಳಿದ ಮಕ್ಕಳ ಹೆಸರು ಸೇರಿಸೋಣ ಎಂದು ವಿನಂತಿಸಿ, ನನ್ನ ಮಾತು ಮುಗಿಸುತ್ತೇನೆ.