ಎಲ್ಲರ ಭಂಡಾರವೂ ನಮ್ಮ ಹೊಣೆಯೂ

(ಶತಮಾನೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಅಕ್ಷರ ಕಲಿತು, ಇಂದು ಗಡಿಯಾಚೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ತಂತ್ರಾಂಶ ಬರೆದು ಜೀವಿಸುತ್ತಿರುವ ಕೆಲವರ ಪರವಾಗಿ ಈ ಮಾತುಗಳನ್ನಾಡುತ್ತಿದ್ದೇವೆ. ನಮ್ಮ ಕಸುಬಿನ ಗುಟ್ಟೊಂದನ್ನು ಮೊದಲೇ ಹೇಳಿಬಿಡುವುದು ಲೇಸು. ನಾವು ಸ್ವಂತವಾಗಿ ಬರೆಯುವುದು ಅಲ್ಪ. ಪರರು ಬರೆದು ಎಲ್ಲರಿಗೆಂದು ಬಿಟ್ಟುಕೊಟ್ಟದ್ದನ್ನು ತಂದು ಜೋಡಿಸುವುದೇ ಅಧಿಕ.

ಗಣಕದಲ್ಲಿ ಕನ್ನಡ ಬೆಳೆದುದೂ ಇಂತಹ ಕೊಡುಗೆಗಳಿಂದಲೇ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇವುಗಳನ್ನು ನೆನೆಯದೆ ಮುಂದೆ ಸಾಗಲಾಗದು. ನಮ್ಮನ್ನು ಹೆಚ್ಚು ತಟ್ಟಿದ್ದು ‘ಅಲರ್’ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ಒಂದೂವರೆ ಲಕ್ಷಕ್ಕೂ ಮಿಕ್ಕ ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥಗಳನ್ನು ಸಂಕಲಿಸಿದರು. ಕೈಲಾಶ್ ನಾಧ್ ಅವರ ನೆರವಿನಿಂದ 2019ರಲ್ಲಿ ಅದು ಮುಕ್ತ ಪರವಾನಗಿಯಡಿ ಲೋಕಕ್ಕೆ ದೊರೆಯಿತು. ಕರ್ನಾಟಕದ ಗ್ರಂಥಾಲಯಗಳಿಂದ ದೂರವಿರುವ ನಮ್ಮಂತಹ ಹೊಸೂರು ಸೀಮೆಯ ಮಕ್ಕಳಿಗೆ ಇದೇನೂ ಸಣ್ಣ ಭಾಗ್ಯವಲ್ಲ.

ಆದರೆ ಮುಕ್ತವೆಂದರೆ ವಾರಸುದಾರರಿಲ್ಲದ್ದು ಎಂದಲ್ಲ. ಆ ನಿಘಂಟಿನ ಪರವಾನಗಿಯನ್ನು ಓದಿದರೆ, ಮೂಲವನ್ನು ಹೆಸರಿಸಬೇಕು, ಅದನ್ನು ತಿದ್ದಿ ಬೆಳೆಸಿ ಪ್ರಕಟಿಸಿದರೆ ಬೆಳೆಸಿದ್ದನ್ನೂ ಅದೇ ನಿಬಂಧನೆಯಲ್ಲಿ ಹಂಚಬೇಕು ಎಂಬ ಷರತ್ತುಗಳಿವೆ. ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಕೆರೆ ಊರಿನದೇ ಆದರೂ ತೂಬು ಎತ್ತುವವನು ನೀರುಗಂಟಿ. ಸರದಿ ತಪ್ಪಿಸಿ ನೀರು ಹಾಯಿಸಿಕೊಂಡವನು ಪಂಚಾಯಿತಿಗೆ ಉತ್ತರ ಹೇಳಬೇಕಿತ್ತು.

ನಾವೂ ಒಮ್ಮೆ ಸರದಿ ತಪ್ಪಿಸಿದವರೇ. ಮಕ್ಕಳಿಗಾಗಿ ಪದಗಳ ಆಟವೊಂದನ್ನು ಸಿದ್ಧಪಡಿಸಲು ಹೊರಟಾಗ, ಸಾರ್ವಜನಿಕ ಪದಭಂಡಾರವೊಂದರ ಪುಟಗಳನ್ನೆಲ್ಲ ಒಂದರ ಹಿಂದೊಂದರಂತೆ ಎಳೆದುಕೊಳ್ಳುವ ಪುಟ್ಟ ತಂತ್ರಾಂಶ ಬರೆದು, ರಾತ್ರಿಯಿಡೀ ಓಡಲು ಬಿಟ್ಟು ಮಲಗಿದೆವು. ನಡುವೆ ಒಂದು ಕ್ಷಣವೂ ಬಿಡುವು ಕೊಡದಂತೆ ಬರೆದಿದ್ದೆವು; ಅದು ಆಗ ಜಾಣತನವೆಂದೇ ತೋರಿತ್ತು. ಬೆಳಗಾಗುವಷ್ಟರಲ್ಲಿ ಆ ಭಂಡಾರದ ಬಾಗಿಲು ನಮಗೆ ಮುಚ್ಚಿತ್ತು. ನಮಗೆ ಮಾತ್ರವಲ್ಲ, ಅದೇ ಅಂತರ್ಜಾಲ ಸಂಪರ್ಕ ಬಳಸುತ್ತಿದ್ದ ವಸತಿಗೃಹದ ಸಮಸ್ತರಿಗೂ! ಕ್ಷಮೆ ಕೋರಿ ಪತ್ರ ಬರೆದೆವು. ಉತ್ತರ ಸೌಮ್ಯವಾಗಿಯೇ ಇತ್ತು: ಸಮಗ್ರ ಪದಪಟ್ಟಿಯನ್ನು ಒಂದೇ ಕಡತವಾಗಿ ಇಳಿಸಿಕೊಳ್ಳಲು ಅವರು ಮೊದಲೇ ಇಟ್ಟಿದ್ದರು. ನಾವು ಸೂಚನೆಯ ಪುಟವನ್ನು ಓದಿರಲಿಲ್ಲ, ಅಷ್ಟೆ.

ಇದು ನಮ್ಮೊಬ್ಬರ ಕಥೆಯಲ್ಲ. ಚಿತ್ರ ಮತ್ತು ದೃಶ್ಯಗಳನ್ನು ಇಳಿಸಿಕೊಳ್ಳುವವರಿಂದ ತನ್ನ ಮೇಲೆ ಬೀಳುವ ಭಾರವು 2024ರ ಜನವರಿಯಿಂದೀಚೆಗೆ ಶೇ. 50ರಷ್ಟು ಏರಿದೆಯೆಂದೂ, ಆ ಏರಿಕೆಗೆ ಮುಖ್ಯ ಕಾರಣ ಓದುಗರಲ್ಲ, ಯಂತ್ರಗಳೆಂದೂ ವಿಕಿಮೀಡಿಯ ಪ್ರತಿಷ್ಠಾನವು 2025ರಲ್ಲಿ ತಿಳಿಸಿತು. ದೇಣಿಗೆಯಿಂದ ನಡೆಯುವ ಸಂಸ್ಥೆ ಅದು. ತಂತ್ರಾಂಶಕ್ಕೆ ಹೆಸರು, ವಿಳಾಸ ಕೊಟ್ಟು ಕಳುಹಿಸಿರಿ, ಒಮ್ಮೆ ತಂದದ್ದನ್ನು ನಿಮ್ಮಲ್ಲೇ ಉಳಿಸಿಕೊಳ್ಳಿರಿ, ಮತ್ತೆ ಮತ್ತೆ ಕೇಳಬೇಡಿರಿ ಎಂಬುದೇ ಇಂತಹ ಸಂಸ್ಥೆಗಳ ಬೇಡಿಕೆ. ಕೇಳುತ್ತಿರುವುದು ಹಣವನ್ನಲ್ಲ, ಸೌಜನ್ಯವನ್ನು.

ಇನ್ನು ನಮ್ಮ ನೆಲಕ್ಕೇ ಸೇರಿದ ಸಂಗತಿಗೆ ಬರುತ್ತೇವೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಭೂಪಟವನ್ನು ಯಾರೂ ತಿದ್ದಬಹುದು. ಬಾಗಲೂರು, ಬೇರಿಕೆ, ತಳಿ, ಕೆಲಮಂಗಲ, ಡೆಂಕಣಿಕೋಟೆಗಳ ಸುತ್ತಣ ಹಳ್ಳಿಗಳ ಹೆಸರನ್ನು ಅಲ್ಲಿ ಕನ್ನಡದಲ್ಲಿ ಬರೆಯಬೇಕೆಂಬುದು ನಮ್ಮ ಬಯಕೆ. ಈ ಉತ್ಸಾಹದಲ್ಲಿ ಎರಡು ಅಪಾಯಗಳಿವೆ. ಖಾಸಗಿ ಸಂಸ್ಥೆಯ ಭೂಪಟವನ್ನು ನೋಡಿ ಹೆಸರು ನಕಲು ಮಾಡುವುದು ಒಂದು; ಅದಕ್ಕೆ ಅಲ್ಲಿ ಅನುಮತಿಯಿಲ್ಲ, ಪತ್ತೆಯಾದರೆ ನಮ್ಮ ಶ್ರಮವೆಲ್ಲ ಅಳಿಸಿಹೋಗುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಊರಿನ ನಾಮಫಲಕದಲ್ಲಿರುವ ತಮಿಳು ಹೆಸರನ್ನು ಅಳಿಸಿ ಅದರ ಜಾಗದಲ್ಲಿ ಕನ್ನಡವನ್ನು ಕೂರಿಸಿದರೆ, ನಾಳೆ ಮತ್ತೊಬ್ಬರು ಬಂದು ನಮ್ಮದನ್ನು ಅಳಿಸುವರು. ಭೂಪಟ ಜಗಳದ ಕಣವಾಗುವುದು. ಕನ್ನಡ ಹೆಸರಿಗೆಂದೇ ಪ್ರತ್ಯೇಕ ಅಂಕಣ ಅಲ್ಲಿರುವಾಗ, ತೆಲುಗಿಗೂ ಹಾಗೆಯೇ ಇರುವಾಗ, ಅಳಿಸುವ ಪ್ರಮೇಯವಾದರೂ ಏನು? ಮನೆಯಲ್ಲಿ ಒಂದು, ಸಂತೆಯಲ್ಲಿ ಮತ್ತೊಂದು ಭಾಷೆಯಾಡುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಹೀಗಾಗಿ ಹೆಸರುಗಳು ಬರಬೇಕಾದುದು ಮತ್ತೊಂದು ಭೂಪಟದಿಂದಲ್ಲ, ಇಲ್ಲಿ ಕುಳಿತಿರುವ ಹಿರಿಯರ ಬಾಯಿಂದ. ಊರುಗಳಷ್ಟೇ ಅಲ್ಲ, ಕೆರೆ, ಗುಡ್ಡ, ತೋಪು, ಹಳ್ಳಗಳಿಗೂ ತಾವು ಕರೆಯುವ ಹೆಸರುಗಳು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲದಿರಬಹುದು. ಇಂದು ಊಟದ ಬಳಿಕ ಎಂಟನೆಯ ತರಗತಿಯ ಕೊಠಡಿಯಲ್ಲಿ ನಾವು ಬರವಣಿಗೆಯ ಪುಸ್ತಕ ತೆರೆದು ಕುಳಿತಿರುತ್ತೇವೆ. ತಾವು ದಯಮಾಡಿಸಿ ತಮ್ಮ ಊರಿನ ಕೆರೆಯ ಹೆಸರನ್ನಾದರೂ ಹೇಳಿ ಹೋಗಬೇಕೆಂದು ವಿನಂತಿಸುತ್ತೇವೆ.