ಪಾರ್ಸೆಲು ಟೆಂಪೊ ಮತ್ತು ನಮ್ಮವರು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಒಂದೇ ವಿಷಯವನ್ನು ನಿಮ್ಮ ಮುಂದಿಡಬೇಕೆಂದು ಸಂಘದವರು ಹೇಳಿದ್ದಾರೆ. ನಮ್ಮ ಹೋಟೆಲುಗಳಲ್ಲಿ ತಟ್ಟೆ ಎತ್ತುತ್ತಿದ್ದ ಹುಡುಗರು, ಗಿರಣಿ ಕೆಲಸಗಾರರ ಮಕ್ಕಳು ಮೊಮ್ಮಕ್ಕಳು, ಈಗ ಪಾರ್ಸೆಲು ಕಂಪೆನಿಗಳ ಟೆಂಪೊ ನಡೆಸಲು ಹೊರಟಿದ್ದಾರೆ. ಕೆಲವರು ಸಾಲ ತೆಗೆದು ಸ್ವಂತ ಗಾಡಿಯನ್ನೇ ಕೊಳ್ಳಬೇಕೆಂದಿದ್ದಾರೆ. ಹೋಗುವುದು ತಪ್ಪೇ ಎಂದು ನಮ್ಮನ್ನು ಕೇಳುತ್ತಾರೆ. ತಪ್ಪಲ್ಲ. ಸ್ಟಿಯರಿಂಗು ಹಿಡಿದು ದುಡಿಯುವುದು ಮರ್ಯಾದೆಯ ಕೆಲಸವೇ ಸರಿ. ಆದರೆ ಲೆಕ್ಕ ತಿಳಿಯದೆ ಹೋಗಬಾರದು. ಆ ಲೆಕ್ಕವನ್ನೇ ಇಂದು ಹೇಳುತ್ತೇವೆ.

ಮೊದಲು ಕೆಲಸ ಎಂಥದೆಂದು ನೋಡೋಣ. ಪವರ್‌ಲೂಮಿಗೆ ಹೆಸರಾದ ಭಿವಂಡಿಯ ಸುತ್ತ ಇಂದು ಗೋದಾಮುಗಳ ಸಾಲೇ ಎದ್ದಿದೆ. ಅಲ್ಲಿಂದ ದೊಡ್ಡ ಲಾರಿಗಳು ರಾತ್ರಿ ಹೊರಟು ಪಟ್ಟಣದ ಚಿಕ್ಕ ಡಿಪೋಗಳಿಗೆ ಮಾಲು ಇಳಿಸುತ್ತವೆ. ನಮ್ಮ ಹುಡುಗನ ಕೆಲಸ ಆರಂಭವಾಗುವುದು ಅಲ್ಲಿ. ಬೆಳಗ್ಗೆ ಡಿಪೋಗೆ ಹೋಗಿ ಸರದಿಯಲ್ಲಿ ನಿಲ್ಲಬೇಕು. ಒಂದೊಂದು ಪೆಟ್ಟಿಗೆಯ ಮೇಲಿನ ಗೆರೆಗಳಿಗೆ ಯಂತ್ರ ಹಿಡಿದು ಲೆಕ್ಕ ತೆಗೆದುಕೊಳ್ಳಬೇಕು. ಕೊನೆಗೆ ಕೊಡಬೇಕಾದ ಮಾಲು ಒಳಗೆ, ಮೊದಲು ಕೊಡಬೇಕಾದದ್ದು ಬಾಗಿಲ ಬಳಿ, ಹೀಗೆ ಜೋಡಿಸಬೇಕು. ಜೋಡಣೆ ತಪ್ಪಿದರೆ ದಿನವಿಡೀ ಗಾಡಿಯೊಳಗೆ ಹುಡುಕುವುದೇ ಆಗುತ್ತದೆ. ಹೆಸರಿಗೆ ಅವನು ಡ್ರೈವರು. ಆದರೆ ಹಮಾಲಿಯೂ ಅವನದೇ, ಗುಮಾಸ್ತಿಕೆಯೂ ಅವನದೇ, ಹಣ ವಸೂಲಿಯೂ ಅವನದೇ. ಗಿರಾಕಿ ನಗದು ಕೊಟ್ಟರೆ ಸಂಜೆ ಪೈಸೆ ಪೈಸೆ ಒಪ್ಪಿಸಬೇಕು. ಕಡಿಮೆ ಬಿದ್ದರೆ ಅವನ ಜೇಬಿನಿಂದಲೇ.

ಒಂದು ಲೆಕ್ಕ ಹಾಕೋಣ. ಹತ್ತು ಗಂಟೆಯ ದುಡಿಮೆ, 80 ಪೆಟ್ಟಿಗೆ ಎಂದಿಟ್ಟುಕೊಳ್ಳಿ. ಮಾಲು ತುಂಬಲು ಎರಡು ಗಂಟೆ, ಡಿಪೋದಿಂದ ಬಡಾವಣೆಗೆ ಹೋಗಿ ಬರಲು ಒಂದೂವರೆ ಗಂಟೆ ಕಳೆಯಿರಿ. ಉಳಿದದ್ದು ಆರೂವರೆ ಗಂಟೆ, ಅಂದರೆ 390 ನಿಮಿಷ. ಒಂದು ಪೆಟ್ಟಿಗೆಗೆ ಐದು ನಿಮಿಷವೂ ಬೀಳುವುದಿಲ್ಲ. ಆ ಐದು ನಿಮಿಷದೊಳಗೆ ಜಾಗ ಹುಡುಕಿ ಗಾಡಿ ನಿಲ್ಲಿಸಬೇಕು, ಕಾವಲುಗಾರನ ಪುಸ್ತಕದಲ್ಲಿ ಹೆಸರು ಬರೆಯಬೇಕು, ಮೆಟ್ಟಿಲು ಹತ್ತಬೇಕು, ಗಂಟೆ ಒತ್ತಿ ಕಾಯಬೇಕು, ಫೋನಿಗೆ ಬಂದ ಗುಪ್ತ ಅಂಕಿ ಕೇಳಿ ಬರೆದುಕೊಳ್ಳಬೇಕು. ಊಟ ಎಲ್ಲಿ? ಮೂತ್ರಕ್ಕೆ ಹೋಗುವುದು ಎಲ್ಲಿ? ಈ ಪ್ರಶ್ನೆ ಕೇಳಲು ನಾಚಿಕೆಪಡಬೇಕಾಗಿಲ್ಲ. ಹೋಟೆಲಿನಲ್ಲಿ ಎಷ್ಟೇ ಕಷ್ಟವಿದ್ದರೂ ಎರಡು ಹೊತ್ತಿನ ಅನ್ನ ಮತ್ತು ನಲ್ಲಿಯ ನೀರು ಹತ್ತಿರವಿರುತ್ತಿತ್ತು. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕಾದೀತೆಂದು ಬಿಸಿಲಿನಲ್ಲಿ ನೀರನ್ನೇ ಬಿಡುವ ಡ್ರೈವರುಗಳನ್ನು ನಾವು ನೋಡಿದ್ದೇವೆ. ಇದರಿಂದ ಮೂತ್ರಪಿಂಡಕ್ಕೆ ಹಾನಿ. ಬಗ್ಗಿ ಎತ್ತಿ ಸೊಂಟಕ್ಕೆ ಹಾನಿ. ಅವಸರದಲ್ಲಿ ನಡೆಸಿ ಜೀವಕ್ಕೇ ಹಾನಿ.

ಇನ್ನು ಧಣಿ ಯಾರು ಎಂಬ ಪ್ರಶ್ನೆ. ಹೋಟೆಲಿನಲ್ಲಿ ಧಣಿ ಗಲ್ಲೆಯ ಮೇಲೆ ಕುಳಿತಿರುತ್ತಾನೆ. ಜಗಳವಾಡಿದರೂ ಮುಖ ನೋಡಿ ಆಡಬಹುದು. ಇಲ್ಲಿ ಪೆಟ್ಟಿಗೆಯ ಮೇಲೆ ಒಂದು ಕಂಪೆನಿಯ ಹೆಸರು, ಗಾಡಿ ಒಬ್ಬ ಗುತ್ತಿಗೆದಾರನದು, ಕೂಲಿ ಕೊಡುವವನು ಮತ್ತೊಬ್ಬ, ಅಪ್ಪಣೆ ಕೊಡುವುದು ಮಾತ್ರ ಕೈಯಲ್ಲಿರುವ ಫೋನು. ಕೂಲಿ ಕೇಳಿದರೆ ಒಬ್ಬನು ಇನ್ನೊಬ್ಬನತ್ತ ಬೆರಳು ತೋರಿಸುತ್ತಾನೆ. ಕೆಲವೆಡೆ ನಮ್ಮ ಹುಡುಗನನ್ನು ನೌಕರನೆಂದೂ ಕರೆಯುವುದಿಲ್ಲ, ‘ಪಾಲುದಾರ’ ಎನ್ನುತ್ತಾರೆ. ನಷ್ಟದಲ್ಲಿ ಪಾಲು ಕೊಟ್ಟು ಲಾಭದಲ್ಲಿ ಪಾಲು ಕೊಡದ ಇಂಥ ಪಾಲುದಾರಿಕೆಯನ್ನು ನಮ್ಮ ಊರಿನ ಗೇಣಿ ಒಕ್ಕಲುಗಳು ಹಿಂದೆಯೇ ಕಂಡವರು.

ಸ್ವಂತ ಗಾಡಿಯ ಆಸೆಗೆ ಬರೋಣ. 2005ರಲ್ಲಿ ಟಾಟಾ ಏಸ್ ಎಂಬ ಚಿಕ್ಕ ಗಾಡಿ ಬಂದಮೇಲೆ, ‘ಛೋಟಾ ಹಾಥಿ’ ಎಂದು ಜನ ಕರೆಯುವ ಆ ಗಾಡಿಯಿಂದ, ಬಡವನೂ ಸಾರಿಗೆ ಧಣಿಯಾಗಬಹುದೆಂಬ ಆಸೆ ಹುಟ್ಟಿತು. ಕೆಲವರು ಆಗಿದ್ದಾರೆ, ಸಂತೋಷ. ಆದರೆ ಕಾಗದ ಪೆನ್ಸಿಲು ತೆಗೆದುಕೊಳ್ಳಿ. ತಿಂಗಳಿಗೆ 45,000 ರೂಪಾಯಿ ಬಾಡಿಗೆ ಬಂತೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಸಾಲದ ಕಂತು 14,000, ಎಣ್ಣೆ 13,000, ವಿಮೆ ಟಯರು ರಿಪೇರಿಗೆ ತೆಗೆದಿಡಬೇಕಾದದ್ದು 4,000, ದಂಡ ಮತ್ತು ಪಾರ್ಕಿಂಗಿಗೆ 1,500. ಉಳಿಯುವುದು 12,500. ಇದರಲ್ಲಿ ಕೋಣೆಯ ಬಾಡಿಗೆ, ಊಟ, ಊರಿಗೆ ಕಳಿಸುವ ಹಣ ಎಲ್ಲವೂ ಆಗಬೇಕು. ಹೋಟೆಲಿನ ಸಂಬಳ ಕಡಿಮೆಯೆಂದು ಬಿಟ್ಟು ಹೋಗುವವನು ಅಲ್ಲಿಯ ಊಟ ವಸತಿಯ ಬೆಲೆಯನ್ನೂ ಸೇರಿಸಿ ತೂಗಬೇಕು. ಮಳೆಗಾಲದಲ್ಲಿ ಕುರ್ಲಾ, ಸಯಾನಿನಲ್ಲಿ ನೀರು ನಿಂತು ಎರಡು ದಿನ ಗಾಡಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

ಕಾಯಿದೆ ಏನೆನ್ನುತ್ತದೆ? 1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಂದಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ, ಹೆಚ್ಚಿನ ವೇಳೆಗೆ ಇಮ್ಮಡಿ ಕೂಲಿ ಎಂದು ಅದು ಹೇಳಿತು. ಐದು ಜನ ಕೆಲಸಗಾರರಿದ್ದರೂ ಅದು ಅನ್ವಯಿಸುತ್ತಿತ್ತು. 2025ರ ನವೆಂಬರ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯಿದೆಯ ಸ್ಥಾನವನ್ನು ಪಡೆದಿವೆ. 8 ಗಂಟೆಯ ದಿನ, ವಾರದ ರಜೆ, ಇಮ್ಮಡಿ ಕೂಲಿ ಹೊಸದರಲ್ಲಿಯೂ ಇವೆ. ಆದರೆ ಐದು ಜನ ಇದ್ದದ್ದು ಹತ್ತು ಜನ ಎಂದಾಯಿತು. ಏಳೆಂಟು ಡ್ರೈವರುಗಳನ್ನಿಟ್ಟ ಸಣ್ಣ ಗುತ್ತಿಗೆದಾರ ಇದರಿಂದ ನುಸುಳಿಕೊಳ್ಳುತ್ತಾನೆ. ಇದನ್ನು ನಾವು ಎತ್ತಿ ಹೇಳಲೇಬೇಕು.

ಕಂಪೆನಿಯ ಫೋನಿನ ಮೂಲಕ ದುಡಿಯುವವರನ್ನು ಸಾಮಾಜಿಕ ಭದ್ರತೆಯ ಸಂಹಿತೆ ಮೊದಲ ಬಾರಿಗೆ ಹೆಸರಿಟ್ಟು ಗುರುತಿಸಿದೆ. ಕಂಪೆನಿಗಳು ವರ್ಷದ ವಹಿವಾಟಿನ ನೂರಕ್ಕೆ 1ರಿಂದ 2ರಷ್ಟನ್ನು ಅವರ ನಿಧಿಗೆ ಕೊಡಬೇಕೆಂದಿದೆ. ರಾಜಸ್ಥಾನ 2023ರಲ್ಲಿ, ನಮ್ಮ ಕರ್ನಾಟಕ 2025ರಲ್ಲಿ ಇಂಥವರಿಗಾಗಿ ತಮ್ಮದೇ ಕಾಯಿದೆ ಮಾಡಿವೆ.

ಲೈಸೆನ್ಸಿನ ಬಗ್ಗೆ ಒಂದು ಮಾತು. 7,500 ಕಿಲೋ ಮೀರದ ಸಾಗಾಣಿಕೆ ಗಾಡಿಯನ್ನು ಲಘು ವಾಹನದ ಲೈಸೆನ್ಸಿನಿಂದಲೇ ನಡೆಸಬಹುದು, ಬೇರೆ ಅಪ್ಪಣೆ ಬೇಡ ಎಂದು ಸುಪ್ರೀಂ ಕೋರ್ಟು 2024ರ ನವೆಂಬರ 6ರಂದು ತೀರ್ಪು ಕೊಟ್ಟಿದೆ. ಅಪಾಯಕರ ಮಾಲಿನ ಗಾಡಿಗೆ ನಿಯಮ ಬೇರೆ. ಅಪ್ಪಣೆ ಮಾಡಿಸಿಕೊಡುತ್ತೇವೆಂದು ಕೈಚಾಚುವ ದಲ್ಲಾಳಿಗೆ ಹಣ ಕೊಡುವ ಮುಂಚೆ ಇದನ್ನು ನೆನೆಯಿರಿ.

ಬಂಧುಗಳೇ, ಕಾಯಿದೆ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಇದೇ ಮುಂಬಯಿಯ ಹಮಾಲರಿಗೂ ಒಂದು ಕಾಲಕ್ಕೆ ಧಣಿ ಯಾರೆಂದು ಗೊತ್ತಿರಲಿಲ್ಲ. ಇಂದು ಈ ಅಂಗಡಿ, ನಾಳೆ ಆ ಅಂಗಡಿ. ಅಣ್ಣಾಸಾಹೇಬ ಪಾಟೀಲರ ಮುಂದಾಳುತನದಲ್ಲಿ ಅವರು ಒಂದಾದರು. 1969ರಲ್ಲಿ ಮಾಥಾಡಿ ಕಾಯಿದೆ ಬಂದಿತು. ಮಾಲೀಕರು ಕೂಲಿಯನ್ನೂ ಅದರ ಮೇಲೆ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಮಂಡಳಿ ಅದರಿಂದ ಭವಿಷ್ಯನಿಧಿ, ರಜೆ, ಬೋನಸು ಕೊಡಬೇಕು. ಧಣಿ ಹತ್ತು ಮಂದಿಯಾದರೂ ಹಮಾಲನ ಖಾತೆ ಒಂದೇ. ಪಾರ್ಸೆಲು ಡ್ರೈವರಿಗೆ ಬೇಕಾದದ್ದು ಇಂಥದೇ ಏರ್ಪಾಡು. ಬಂದರಿನ ಬಳಿ ನಮ್ಮ ಹುಡುಗರು ದಿನವೂ ಗಾಡಿ ಓಡಿಸುವ ಪಿ. ಡಿಮೆಲ್ಲೊ ರಸ್ತೆ ಯಾರ ಹೆಸರಿನದೆಂದು ಅವರಿಗೆ ತಿಳಿಸಿರಿ. ಮಂಗಳೂರು ಸೀಮೆಯಿಂದ ಬಂದು ಬಂದರಿನ ಕೂಲಿಗಳನ್ನು ಒಟ್ಟುಗೂಡಿಸಿದ ನಾಯಕನ ಹೆಸರಿನದು. ಅವರ ಜತೆ ಕಲಿತ ಜಾರ್ಜ್ ಫರ್ನಾಂಡಿಸರು ಟ್ಯಾಕ್ಸಿ ಡ್ರೈವರುಗಳನ್ನು ಒಂದು ಮಾಡಿದರು. ಈ ಊರಿನ ಸಂಘಟನೆಯ ಚರಿತ್ರೆಯಲ್ಲಿ ನಮ್ಮ ಕಡೆಯವರ ಬೆವರೂ ಇದೆ.

ಆದುದರಿಂದ ಸಂಘದ ಪರವಾಗಿ ಇಷ್ಟು ಕೇಳಿಕೊಳ್ಳುತ್ತೇವೆ. ಕೆಲಸಕ್ಕೆ ಸೇರುವ ಮೊದಲು ಕೂಲಿ ಕೊಡುವವನ ಹೆಸರು ವಿಳಾಸ ಬರೆದುಕೊಳ್ಳಿ. ಓದದ ಕಾಗದಕ್ಕೆ ಸಹಿ ಹಾಕಬೇಡಿ. ಇಂಗ್ಲಿಷಿನಲ್ಲಿದ್ದರೆ ಸಂಘದ ಕಚೇರಿಗೆ ತನ್ನಿ, ಓದಿ ಹೇಳುತ್ತೇವೆ. ಹೋದ ಹೊತ್ತು, ಬಂದ ಹೊತ್ತು, ಪೆಟ್ಟಿಗೆಗಳ ಸಂಖ್ಯೆ, ಮುರಿದುಕೊಂಡ ಹಣ, ಇವನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ. ನಾಳೆ ಅದೇ ಸಾಕ್ಷಿ. ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿ. ಸಾಲಕ್ಕೆ ಜಾಮೀನು ನಿಲ್ಲುವ ಗೆಳೆಯನೂ ಲೆಕ್ಕ ನೋಡಲಿ. ಒಂದೊಂದು ಡಿಪೋದಲ್ಲಿ ಕೆಲಸ ಮಾಡುವ ನಮ್ಮವರು, ಮರಾಠಿಗರು, ಉತ್ತರದವರು, ಎಲ್ಲರೂ ಕೂಡಿ ಒಂದು ಮಾತಿಗೆ ಬನ್ನಿ. ಹೊಟ್ಟೆಗೆ ಭಾಷೆಯಿಲ್ಲ.

ಹೋಟೆಲು ಮಿತ್ರರಿಗೆ ಕೊನೆಯ ಮಾತು. ಬಿಸಿಲಿನಲ್ಲಿ ಬಂದ ಟೆಂಪೊದವನಿಗೆ ಒಂದು ಲೋಟ ನೀರು ಕೊಡಿ, ಹಿಂಬಾಗಿಲ ಸಂಡಾಸು ತೋರಿಸಿ. ಧಣಿಗಳನ್ನು ಒಪ್ಪಿಸುವ ಭಾರ ನಮ್ಮದು. ಮುಂದಿನ ತಿಂಗಳ ಸಭೆಗೆ ಪ್ರತಿಯೊಬ್ಬನೂ ತನಗೆ ಗೊತ್ತಿರುವ ಒಬ್ಬ ಪಾರ್ಸೆಲು ಡ್ರೈವರನ್ನು ಕರೆತರಬೇಕು.